ಇವರ ವಾಚು ನನ್ನ ಕೈಗೆ, ನನ್ನದು ಇವರ ಕೈಗೆ: ಮೂರು ವಾರದ ಅದಲುಬದಲು

ನಮ್ಮ ಮನೆಯಲ್ಲಿ ದುಬಾರಿ ವಾಚು ಅಂತ ಇರುವುದು ಎರಡೇ. ಇವರದು ಒಮೆಗಾ ಅಕ್ವಾ ಟೆರಾ, 41 ಮಿ.ಮೀ. ಡಯಲ್, ಸ್ಟೀಲ್ ಚೈನು. ನನ್ನದು ಕಾರ್ಟಿಯೇ ಟ್ಯಾಂಕ್ ಮಸ್ಟ್, ಚಿಕ್ಕ ಸೈಜು, ಚರ್ಮದ ಬೆಲ್ಟು. ಒಂದು ದಿನ ಊಟಕ್ಕೆ ಕೂತಾಗ ಇವರು, "ಹೆಂಗಸರ ವಾಚಲ್ಲಿ ಟೈಮ್ ಯಾರು ನೋಡ್ತಾರೆ? ಅದೊಂದು ಒಡವೆ ಅಷ್ಟೆ" ಅಂದರು. ಹಾಗಾದರೆ ಮೂರು ವಾರ ಬದಲಾಯಿಸಿಕೊಳ್ಳೋಣ, ನೋಡೇ ಬಿಡೋಣ ಅಂದೆ.

ಮೊದಲು ನನ್ನ ಪಾಡು. ನನ್ನ ಮಣಿಕಟ್ಟಿನ ಸುತ್ತಳತೆ 15 ಸೆಂ.ಮೀ. ಚೈನಿನ ಕೊಂಡಿ ಬಿಚ್ಚಿಸಿದ ಮೇಲೂ ಡಯಲ್ ಮಾತ್ರ ಕೈಯ ಅಗಲವನ್ನೆಲ್ಲ ಆಕ್ರಮಿಸಿಕೊಂಡಿತ್ತು. ಸರ, ಓಲೆಯ ಭಾರ ಹೊತ್ತು ಅಭ್ಯಾಸವಿದೆ, ಹಾಗಾಗಿ ತೂಕ ಎರಡೇ ದಿನಕ್ಕೆ ಒಗ್ಗಿತು. ಒಗ್ಗದೇ ಇದ್ದದ್ದು ಡಯಲ್ ಪಕ್ಕದಲ್ಲಿ ತಿರುಗಿಸುವ ಕೀ. ಚಪಾತಿ ಲಟ್ಟಿಸುವಾಗ ಕೈ ಮಡಚಿದರೆ ಅದು ಮುಂಗೈಗೆ ಒತ್ತುತ್ತದೆ.

ಇದಕ್ಕಿಂತ ದೊಡ್ಡ ತಾಪತ್ರಯ ಬಳೆಯದು. ಗಂಡಸರಿಗಾಗಿ ಮಾಡಿದ ವಾಚು ಆ ಕೈಯಲ್ಲಿ ತಾನೊಂದೇ ಇರುತ್ತದೆ ಅಂತ ಲೆಕ್ಕ ಹಾಕಿರುತ್ತದೆ. ನಮ್ಮ ಕೈ ಹಾಗಲ್ಲವಲ್ಲ. 22 ಕ್ಯಾರಟ್ ಚಿನ್ನ ಮೆತ್ತಗೆ, ಸ್ಟೀಲು ಗಟ್ಟಿ. ಎರಡೂ ಉಜ್ಜಿದರೆ ಸವೆಯುವುದು ಚಿನ್ನವೇ. ಮೂರನೇ ದಿನ ಬಳೆಯ ಅಂಚಿನಲ್ಲಿ ಸಣ್ಣ ಗೀರು ಕಂಡಿತು. ಎಡಗೈ ಬಳೆ ತೆಗೆದು ಬಲಗೈಗೆ ಏರಿಸಿದೆ. ಗಾಜಿನ ಬಳೆಯ ಕಥೆ ಕೇಳಲೇಬೇಡಿ.

ಇವರ ಕಡೆಯ ವರದಿ ಬೇರೆ. ನನ್ನ ವಾಚಿನ ಅಳತೆ 29.5 ಮಿ.ಮೀ. ಉದ್ದ, 22 ಮಿ.ಮೀ. ಅಗಲ. ಎರಡು ದಿನ ಆಫೀಸಿನಲ್ಲಿ ಯಾರೂ ಗಮನಿಸಲಿಲ್ಲವಂತೆ. ಮೂರನೇ ದಿನ ಒಬ್ಬರು, "ಮೇಡಂ ವಾಚಾ ಸಾರ್?" ಅಂದರಂತೆ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಕೂಡ ಟ್ಯಾಂಕ್ ವಾಚು ಕಟ್ಟುತ್ತಿದ್ದ, ಅಧ್ಯಕ್ಷ ಕೆನಡಿಯ ಹೆಂಡತಿ ಜಾಕಿ ಕೆನಡಿಯೂ ಕಟ್ಟುತ್ತಿದ್ದರು ಅಂತ ನಾನೇ ಹೇಳಿಕೊಟ್ಟು ಕಳಿಸಿದ್ದೆ. ಅಲ್ಲಿ ಹೇಳಲಿಲ್ಲ ಅನ್ನಿ. ಚಾಳೀಸು ಬಂದ ಕಣ್ಣಿಗೆ ಪುಟ್ಟ ಡಯಲ್ ಕಷ್ಟವಾಯಿತು. ತಾರೀಖು ಇಲ್ಲ, ಸೆಕೆಂಡ್ ಮುಳ್ಳೂ ಇಲ್ಲ. ಆದರೆ ಒಂದು ವಿಷಯಕ್ಕೆ ಮನಸೋತರು. ತುಂಬುತೋಳಿನ ಶರ್ಟಿನ ಕಫ್ ಕೆಳಗೆ ಅದು ಸಲೀಸಾಗಿ ಜಾರುತ್ತದೆ. ಅವರದು ದಿನಕ್ಕೆ ಹತ್ತು ಸಲ ಕಫ್‌ಗೆ ಸಿಕ್ಕಿಕೊಳ್ಳುತ್ತದೆ.

ತಮಾಷೆ ಏನು ಗೊತ್ತಾ? ಕೈಗೆ ವಾಚು ಕಟ್ಟುವುದು ಮೊದಲು ಹೆಂಗಸರದೇ ರೂಢಿ. ಗಡಿಯಾರ ಮಾಡುವ ಬ್ರೆಗೆ ಎಂಬಾತ 1810ರಲ್ಲಿ ನೇಪಲ್ಸ್ ರಾಣಿ ಕ್ಯಾರೊಲಿನ್ ಮ್ಯುರಾಳಿಗೆ ಕೈಗಡಿಯಾರ ಮಾಡಲು ಒಪ್ಪಿಕೊಂಡಿದ್ದ. ಆಗಿನ ಗಂಡಸರ ಗಡಿಯಾರ ಜೇಬಿನಲ್ಲಿ ಇರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಎರಡೂ ಕೈ ಬೇಕಾದಾಗ ಅದು ಮಣಿಕಟ್ಟಿಗೆ ಏರಿತು. ಕಾರ್ಟಿಯೇ ಟ್ಯಾಂಕ್ ವಾಚು ರೂಪುಗೊಂಡದ್ದೂ 1917ರಲ್ಲಿ, ಅದೇ ಯುದ್ಧದ ಟ್ಯಾಂಕನ್ನು ಮೇಲಿನಿಂದ ನೋಡಿದ ಆಕಾರದಲ್ಲಿ. ಯುದ್ಧದ ಟ್ಯಾಂಕಿನ ಆಕಾರದ ವಾಚು ಈಗ "ಮೇಡಂದಾ?" ಅನ್ನಿಸಿಕೊಳ್ಳುತ್ತಿದೆ.

ಇನ್ನು ಒಳಗಿನ ಯಂತ್ರ. ನನಗೆ ನಿಜವಾದ ವ್ಯತ್ಯಾಸ ಕಂಡಿದ್ದು ಇಲ್ಲೇ. ಇವರದು ಆಟೊಮ್ಯಾಟಿಕ್. ಕೈ ಆಡಿದಂತೆ ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುತ್ತದೆ, ಪೂರ್ತಿ ಸುತ್ತಿಕೊಂಡರೆ 60 ಗಂಟೆ ನಡೆಯುತ್ತದೆ. ನನ್ನದು ಸೆಲ್ಲಿನದು. ಶುಕ್ರವಾರ ಸಂಜೆ ಇವರ ವಾಚು ಬಿಚ್ಚಿಟ್ಟೆ. ಶನಿವಾರ, ಭಾನುವಾರ ಸೀರೆಗೆ ಒಪ್ಪುವ ಬೇರೆ ಹಳೇ ವಾಚು ಕಟ್ಟಿದೆ. ಸೋಮವಾರ ಬೆಳಗ್ಗೆ ನೋಡಿದರೆ ನಿಂತಿದೆ. ಇವರಿಗೆ ಇದು ಯಾವತ್ತೂ ಆಗಿಲ್ಲ, ಯಾಕೆಂದರೆ ಇವರು ಮದುವೆಗೂ ಅದೇ, ಮಾರ್ಕೆಟ್ಟಿಗೂ ಅದೇ. ನಾವು ಉಡುಪು ನೋಡಿ ವಾಚು ಬದಲಾಯಿಸುವವರು. ಹೆಂಗಸರ ವಾಚಿಗೆ ಸೆಲ್ ಹಾಕಿ ಮೇಲೆ ಕಲ್ಲು ಕೂರಿಸಿ ಕೊಡುತ್ತಾರಲ್ಲ ಅಂತ ನನಗೆ ಮೊದಲಿನಿಂದ ಸಿಟ್ಟಿತ್ತು. ಆ ಸೋಮವಾರ ಸ್ವಲ್ಪ ಇಳಿಯಿತು.

ಪೂರ್ತಿ ಇಳಿಯಲಿಲ್ಲ. ಪುಟ್ಟ ವಾಚಿನೊಳಗೆ ಸ್ಪ್ರಿಂಗಿನ ಯಂತ್ರ ಹಿಡಿಸುವುದಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಜೇಜರ್ ಲೆಕುಲ್ಟ್ರ್ ಎಂಬ ವಾಚು ಕಂಪನಿ 1929ರಲ್ಲೇ ಸುಮಾರು ಒಂದು ಗ್ರಾಂ ತೂಕದ, ಕೀ ಕೊಡುವ ಯಂತ್ರ ಮಾಡಿತ್ತು. 1953ರ ಪಟ್ಟಾಭಿಷೇಕದಲ್ಲಿ ಎಲಿಜಬೆತ್ ರಾಣಿಯ ಕೈಯಲ್ಲಿದ್ದದ್ದು ಅದೇ ಯಂತ್ರದ ವಾಚು. ರೋಲೆಕ್ಸ್‌ನ 28 ಮಿ.ಮೀ. ಲೇಡಿ ಡೇಟ್‌ಜಸ್ಟ್ ಕೂಡ ಆಟೊಮ್ಯಾಟಿಕ್. ಅದು 55 ಗಂಟೆ ನಡೆದರೆ 36 ಮಿ.ಮೀ. ಡೇಟ್‌ಜಸ್ಟ್ 70 ಗಂಟೆ ನಡೆಯುತ್ತದೆ. ಜಾಗ ಕಡಿಮೆ, ಸ್ಪ್ರಿಂಗ್ ಚಿಕ್ಕದು, ಅಷ್ಟೆ.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ನೀರು ತಡೆಯುವ ರೇಟಿಂಗ್ ಇವರದಕ್ಕೆ 150 ಮೀಟರ್, ನನ್ನದಕ್ಕೆ 30. ದಿನಕ್ಕೆ ಇಪ್ಪತ್ತು ಸಲ ಕೈ ಒದ್ದೆಯಾಗುವುದು ಯಾರದು, ಹೇಳಿ! ಈ ಒಂದು ವಿಷಯದಲ್ಲಿ ಗಂಡಸರ ವಾಚೇ ಅಡುಗೆಮನೆಗೆ ಸರಿ. ಚರ್ಮದ ಬೆಲ್ಟು ನೀರಿಗೂ ಆಗದು, ಏಪ್ರಿಲ್ ಬೆವರಿಗೂ ಆಗದು.

ಅಮ್ಮ ಟೀಚರ್ ಆಗಿದ್ದರು. ಅವರ ಎಚ್‌ಎಂಟಿ ಹುಣಸೆಬೀಜಕ್ಕಿಂತ ಒಂಚೂರು ದೊಡ್ಡದು. ಡಯಲನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಪುಸ್ತಕ ಹಿಡಿದಾಗ ಟೈಮೂ ಕಾಣುತ್ತದೆ, ಗಾಜಿಗೂ ಏಟು ಬೀಳುವುದಿಲ್ಲ. ನಾನೂ ಒಮೆಗಾವನ್ನು ಹಾಗೆ ಕಟ್ಟಿ ನೋಡಿದೆ. ಟೈಪ್ ಮಾಡುವಾಗ ಮೇಜಿಗೆ ಕುಟ್ಟಿತು, ಬಿಟ್ಟೆ.

ನನ್ನ ಆಯ್ಕೆ ಕೇಳಿದರೆ ಎರಡೂ ಅಲ್ಲ. ಶೋರೂಮಿನಲ್ಲಿ ಆ 36 ಮಿ.ಮೀ. ಡೇಟ್‌ಜಸ್ಟ್ ಕಟ್ಟಿ ನೋಡಿದೆ. ಕನ್ನಡಕವಿಲ್ಲದೆ ಟೈಮ್ ಕಂಡಿತು, ಕೀ ಒತ್ತಲಿಲ್ಲ. ಇವರಿಗೂ ಕಟ್ಟಿಸಿದೆ, ಅವರಿಗೂ ಒಪ್ಪಿತು. ಬೆಲೆ ಕೇಳಿ ಇಬ್ಬರೂ ಕಾಫಿ ಕುಡಿದು ಮನೆಗೆ ಬಂದೆವು.

ಮೂರು ವಾರ ಮುಗಿದು ಕೊಂಡಿಗಳು ವಾಪಸ್ ಚೈನಿಗೆ ಸೇರಿವೆ. ಆದರೆ ಪಂಚೆ, ಶಲ್ಯಕ್ಕೆ ಟ್ಯಾಂಕೇ ಚೆನ್ನ ಅಂತ ಇವರಿಗೆ ಈಗ ಜ್ಞಾನೋದಯವಾಗಿದೆ. ಭಾನುವಾರ ಇಬ್ಬರಿಗೂ ಒಂದೇ ಮದುವೆ. ಅದು ಯಾರ ಕೈಗೆ ಅಂತ ಇನ್ನೂ ತೀರ್ಮಾನವಾಗಿಲ್ಲ.