ಎರಡು ಬೇಸಿಗೆ ದಾಟಿದ ಜಿಪಿಎಸ್ ಗಡಿಯಾರ: ರಾಯಚೂರಿನ ಒಬ್ಬ ಬಳಕೆದಾರನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಯಾರಿಗೂ ಬೇಕೇಬೇಕು ಅನ್ನುವಂಥ ವಸ್ತುವಲ್ಲ. ಫೋನು ತಾನೇ ಟೈಮ್ ಸರಿಮಾಡಿಕೊಳ್ಳುವ ಕಾಲದಲ್ಲಿ ಉಪಗ್ರಹದಿಂದ ಟೈಮ್ ಹಿಡಿದು ಮನೆಯ ಕಂಪ್ಯೂಟರುಗಳಿಗೆ ಹಂಚುವ ಟೈಮ್ ಸರ್ವರ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಶುದ್ಧ ಹುಚ್ಚು. ಈ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಬೆಳಗಿನ ರೇಡಿಯೊ ವಾರ್ತೆಗೆ ಮುಂಚೆ ಪಿಪ್ ಪಿಪ್ ಅನ್ನುವಾಗ ಎಚ್‌ಎಂಟಿ ವಾಚಿನ ಮುಳ್ಳು ಸರಿಮಾಡಿ, ಕೀಲಿ ಕೊಟ್ಟು, ಆಮೇಲೆ ಚಹಾ ಮುಟ್ಟುವವರು ಅವರು. ಇವತ್ತಿಗೂ ಅದೇ ರೂಢಿ.

ಸಾಮಾನಿನ ಪಟ್ಟಿ ಇಷ್ಟು. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರು, ನಿಯೋ 6ಎಂ ಜಿಪಿಎಸ್ ಮಾಡ್ಯೂಲ್, ಐದು ಮೀಟರ್ ವೈರಿನ ಆಂಟೆನಾ, ಟೈಮ್ ತೋರಿಸಲು ಒಂದು ಕೆಂಪು ಡಿಸ್‌ಪ್ಲೇ, ಒಳಗೆ ಪೆಟ್ಟಿಗೆಯ ಟೈಮ್ ಸರಿಯಾಗಿಡುವ ಕ್ರೋನಿ ಎಂಬ ಸಾಫ್ಟ್‌ವೇರ್. ಒಟ್ಟು ಆರು ಸಾವಿರದ ಹತ್ತಿರ ಆಯಿತು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಿಗೆ ಅದೇನು ಸಣ್ಣ ಮೊತ್ತವಲ್ಲ. ದೀಪಾವಳಿಗೆ ಕೊಂಡದ್ದು, ಈಗ ಎರಡು ವರ್ಷ ಮೂರು ತಿಂಗಳು.

ಬಂದ ದಿನವೇ ಒಂದು ತಕರಾರು. ಮಾಡ್ಯೂಲಿನಿಂದ ಹೊರಗೆ ಬಂದದ್ದು ನಾಲ್ಕೇ ಪಿನ್ನು, ಮುಖ್ಯವಾದ ಪಿಪಿಎಸ್ ಪಿನ್ನೇ, ಅಂದರೆ ಸೆಕೆಂಡಿಗೊಂದು ಮಿಡಿತ ಕೊಡುವ ಪಿನ್ನೇ ಇಲ್ಲ. ಮಾಡ್ಯೂಲಿನ ಸಣ್ಣ ಎಲ್‌ಇಡಿ ಮಿನುಗುವುದೇ ಆ ಸಂಕೇತದಿಂದ, ಹಾಗಾಗಿ ಅಲ್ಲಿಂದಲೇ ಕೂದಲೆಳೆಯಂಥ ತಂತಿ ಎಳೆದುಕೊಳ್ಳಬೇಕು. ತೀನ್ ಕಂದೀಲ್ ಹತ್ತಿರದ ಮೊಬೈಲ್ ರಿಪೇರಿಯವರೊಬ್ಬರು ಭೂತಗನ್ನಡಿ ಏರಿಸಿಕೊಂಡು ಎರಡು ನಿಮಿಷದಲ್ಲಿ ಬೆಸುಗೆ ಹಾಕಿಕೊಟ್ಟರು. ಐವತ್ತು ರೂಪಾಯಿ. ಯಾತಕ್ಕೆ ಅಂತ ಕೇಳಿದರು, ಹೇಳಿದೆ. "ಟೈಮ್ ಫೋನ್‌ದಾಗೇ ಬರ್ತದಲ್ರೀ" ಅಂದರು.

ಪಿಪಿಎಸ್ ಯಾಕೆ ಬೇಕು ಅನ್ನುವವರಿಗೆ ರೇಡಿಯೊದ ಉದಾಹರಣೆಯೇ ಸಾಕು. ಉದ್ಘೋಷಕರು "ಈಗ ಸಮಯ ಏಳು ಗಂಟೆ" ಅಂತ ಬಾಯಿಮಾತಿನಲ್ಲಿ ಹೇಳುತ್ತಾರೆ, ಆದರೆ ಏಳು ಸರಿಯಾಗಿ ಹೊಡೆಯುವುದು ಕೊನೆಯ ಪಿಪ್‌ಗೆ. ಮಾಡ್ಯೂಲ್ ಕಳಿಸುವ ಅಕ್ಷರಗಳು ಉದ್ಘೋಷಕರ ಮಾತು. ಎಷ್ಟು ಗಂಟೆ ಎಂಬುದು ಗೊತ್ತಾಗುತ್ತದೆ, ಆದರೆ ಅದು ನೂರಾರು ಮಿಲಿಸೆಕೆಂಡು ತಡವಾಗಿ ಬರಬಹುದು. ಪಿಪಿಎಸ್ ಅಂದರೆ ಪಿಪ್. ಯಾವ ಸೆಕೆಂಡು ಅಂತ ಅದು ಹೇಳುವುದಿಲ್ಲ, ಸೆಕೆಂಡು ಶುರುವಾದ ಕ್ಷಣ ಮಾತ್ರ ಹೇಳುತ್ತದೆ. ಮೊದಲು ಇಂಟರ್ನೆಟ್ಟಿನಿಂದ ಟೈಮ್ ತರಿಸುತ್ತಿದ್ದಾಗ ಸಂದೇಶ ಹೋಗಿ ಬರಲು ನಮ್ಮಲ್ಲಿ ಐವತ್ತು ಮಿಲಿಸೆಕೆಂಡು ಹಿಡಿಯುತ್ತಿತ್ತು. ಅದರಲ್ಲಿ ಹೋಗಲು ಅರ್ಧ, ಬರಲು ಅರ್ಧ ಅಂತ ಅಂದಾಜು ಕಟ್ಟುವುದೇ ಎನ್‌ಟಿಪಿ ಪದ್ಧತಿ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆದರೆ ಲೆಕ್ಕ ತಪ್ಪಿತು. ಪಿಪಿಎಸ್ ಬಂದ ಮೇಲೆ ಪೆಟ್ಟಿಗೆಯ ತಪ್ಪು ಒಂದೆರಡು ಮೈಕ್ರೋಸೆಕೆಂಡಿಗೆ ಇಳಿಯಿತು.

ಬೆಳಿಗ್ಗೆ ಎದ್ದು ಮೊದಲು ಮಾಳಿಗೆ ಹತ್ತುತ್ತೇನೆ. ಬೆಳಕಿಂಡಿಯಿಂದ ಮೇಲೆ ಬಂದ ಆಂಟೆನಾ, ಬೆಂಕಿಪೊಟ್ಟಣದಷ್ಟು ದೊಡ್ಡದು, ಒಂದು ಕಬ್ಬಿಣದ ತಟ್ಟೆಗೆ ಅಂಟಿ ಕೂತಿರುತ್ತದೆ. ಮೇಲಿನ ಧೂಳನ್ನು ಟವೆಲ್ಲಿನ ತುದಿಯಿಂದ ಒರೆಸುತ್ತೇನೆ. ಧೂಳು ಕೂತರೆ ಸಿಗ್ನಲ್‌ಗೆ ಏನೂ ಆಗುವುದಿಲ್ಲ, ನನಗೆ ಆಗುತ್ತದೆ. ಪಾರಿವಾಳ ಓಡಿಸಿ ಕೆಳಗೆ ಬಂದು, ಚಹಾ ಹಿಡಿದು ಫೋನಿನಲ್ಲಿ ಕ್ರೋನಿಯ ಪಟ್ಟಿ ತೆಗೆಯುತ್ತೇನೆ. ಪಿಪಿಎಸ್ ಸಾಲಿನ ಮೊದಲಿಗೆ ನಕ್ಷತ್ರದ ಗುರುತು ಇದ್ದರೆ ಪೆಟ್ಟಿಗೆ ಆ ಪಿಪ್ಪನ್ನೇ ನಂಬಿ ನಡೆಯುತ್ತಿದೆ ಅಂತ ಅರ್ಥ. ಆ ನಕ್ಷತ್ರ ಕಂಡ ಮೇಲೆಯೇ ಚಹಾದ ಮೊದಲ ಗುಟುಕು. ಅಪ್ಪನ ಮಗ ನಾನು, ಸುಮ್ಮನೆ ಅಲ್ಲ.

ಇಷ್ಟೆಲ್ಲ ಮಾಡಿದರೂ ವೈಫೈ ಮೇಲೆ ಲ್ಯಾಪ್‌ಟಾಪಿಗೆ ಹೋಗುವಷ್ಟರಲ್ಲಿ ಒಂದೆರಡು ಮಿಲಿಸೆಕೆಂಡು ಅತ್ತಿತ್ತ ಆಗಿಯೇ ಆಗುತ್ತದೆ. ಇದನ್ನು ಹೆಂಡತಿಗೆ ವಿವರಿಸಿದಾಗ ಆಕೆ ಕೇಳಿದ್ದು: "ಹಂಗಾದ್ರ ಆ ಮೈಕ್ರೋಸೆಕೆಂಡು ಯಾರಿಗ್ರೀ?" ಇನ್ನೂ ಉತ್ತರ ಕೊಟ್ಟಿಲ್ಲ.

ಮೊದಲ ಚಳಿಗಾಲ ಹೀಗೆ ಸುಖವಾಗಿ ಹೋಯಿತು. ಏಪ್ರಿಲ್ ಬಂತು, ಕರೆಂಟ್ ಹೋಗಲು ಶುರುವಾಯಿತು.

ಒಂದು ದಿನ ನಸುಕಿನಲ್ಲಿ ಹೋದ ಕರೆಂಟು ವಾರ್ತೆಯ ಹೊತ್ತಿಗೆ ಬಂತು. ಅಪ್ಪ ರೇಡಿಯೊ ಕಿವಿಗೆ ಹಿಡಿದವರು ಡಿಸ್‌ಪ್ಲೇ ಕಡೆ ನೋಡಿ, "ನಿನ್ನ ಮಷಿನ್ ಮೂರು ಸೆಕೆಂಡ್ ಮುಂದ ಓಡ್ಲಿಕತ್ತದ ನೋಡು" ಅಂದರು. ನನಗೆ ನಗು ಬಂತು. 20,200 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಗಡಿಯಾರ ಹೊತ್ತು ತಿರುಗುವ ಉಪಗ್ರಹಗಳಿಂದ ಬರುವ ಟೈಮ್ ಇದು, ರೇಡಿಯೊನೇ ತಡ ಇರಬೇಕು ಎಂದೆ. ಅಪ್ಪ ವಾಚಿಗೆ ಕೀಲಿ ಕೊಡುತ್ತಾ ಸುಮ್ಮನಾದರು. ಸ್ನಾನ ಮುಗಿಸಿ ಬಂದು ನೋಡಿದರೆ ಎಲ್ಲ ಸರಿ ಇತ್ತು, ನಾನೇ ಗೆದ್ದೆ ಅಂದುಕೊಂಡೆ. ಹೀಗೆ ಮೂರು ಬೆಳಿಗ್ಗೆ ಆದ ಮೇಲೆ ನನಗೂ ಅನುಮಾನ ಬಂತು. ನಾಲ್ಕನೆಯ ಸಲ ಕರೆಂಟ್ ಬಂದ ಕೂಡಲೇ ಪೆಟ್ಟಿಗೆಯ ಎದುರಿಗೇ ಕೂತೆ.

ಅಪ್ಪ ಹೇಳಿದ್ದೇ ನಿಜ.

ಕಾರಣ ಇಷ್ಟು. ಜಿಪಿಎಸ್ ಕಾಲಗಣನೆ 1980ರ ಜನವರಿ 6ರಿಂದ ಒಂದೇ ಸಮನೆ ಓಡುತ್ತಿದೆ, ಭೂಮಿಯ ತಿರುಗಾಟಕ್ಕೆ ಹೊಂದಿಸಲು ಲೋಕದ ಗಡಿಯಾರಗಳಿಗೆ ಆಗಾಗ ಸೇರಿಸುವ ಲೀಪ್ ಸೆಕೆಂಡುಗಳನ್ನು ಅದು ಸೇರಿಸಿಕೊಳ್ಳುವುದಿಲ್ಲ. ಕೊನೆಯ ಲೀಪ್ ಸೆಕೆಂಡು 2016ರ ಕೊನೆಗೆ ಸೇರಿತು, ನಮ್ಮ ಗಡಿಯಾರದಲ್ಲಿ 2017ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಮುಂಚೆ. ಅಲ್ಲಿಂದ ಜಿಪಿಎಸ್ 18 ಸೆಕೆಂಡು ಮುಂದಿದೆ. ಆ 18ನ್ನು ಕಳೆಯಿರಿ ಎಂಬ ಸೂಚನೆ ಉಪಗ್ರಹದಿಂದ ಬರುವುದು ಹನ್ನೆರಡೂವರೆ ನಿಮಿಷಕ್ಕೊಮ್ಮೆ. ಅಲ್ಲಿಯವರೆಗೆ ಮಾಡ್ಯೂಲ್ ತನ್ನ ನೆನಪಿನಲ್ಲಿರುವ ಸಂಖ್ಯೆಯನ್ನೇ ಬಳಸುತ್ತದೆ. ಕರೆಂಟ್ ಇಲ್ಲದಾಗ ಆ ನೆನಪು ಉಳಿಸಲು ಬೋರ್ಡಿನ ಮೇಲೆ ಅಂಗಿ ಗುಂಡಿಗಿಂತ ಚಿಕ್ಕ ಸೆಲ್ ಇದೆ. ನನ್ನದರಲ್ಲಿ ಅದು ಸತ್ತಿತ್ತು. ಹಾಗಾಗಿ ಪ್ರತಿ ಸಲ ಹಳೆಯ ಕಾರ್ಖಾನೆ ಲೆಕ್ಕಕ್ಕೇ ಮರಳಿ, 18ರ ಬದಲು 15 ಕಳೆಯುತ್ತಿತ್ತು. ಇಂಟರ್ನೆಟ್ ಇದ್ದಿದ್ದರೆ ಹೊರಗಿನ ಸರ್ವರುಗಳ ಜೊತೆ ತಾಳೆ ನೋಡಿ ಕ್ರೋನಿ ಈ ಸುಳ್ಳನ್ನು ಹಿಡಿಯುತ್ತಿತ್ತು. ಆದರೆ ನಮ್ಮ ಓಣಿಯಲ್ಲಿ ಕರೆಂಟ್ ಬಂದು ಅರ್ಧ ಗಂಟೆ ಕಳೆದರೂ ಫೈಬರ್ ಲೈನ್ ಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ಇಲ್ಲೇ. ಗಡಿಯಾರ ಎರಡು ಮೈಕ್ರೋಸೆಕೆಂಡು ಕೂಡ ಅಲುಗದೆ, ಪೂರ್ತಿ ಮೂರು ಸೆಕೆಂಡು ತಪ್ಪು ಹೇಳುತ್ತದೆ! ಮಿಲ್ಲಿನಲ್ಲಿ ಇಂಥದ್ದು ನೋಡಿದ್ದೇನೆ. ತಕ್ಕಡಿ ನೆಟ್ಟಗೆ ನಿಂತಿರುತ್ತದೆ, ಮುಳ್ಳು ನಡುವಿಗೇ ಇರುತ್ತದೆ, ತೂಕದ ಕಲ್ಲೇ ಕಳ್ಳ. ಮಾರಿದವರಿಗೆ ಬರೆದೆ, ಹತ್ತು ದಿನದ ಗ್ಯಾರಂಟಿ ಮುಗಿದಿದೆ ಎಂದರು. ಸೆಲ್ ಹುಟ್ಟುವಾಗಲೇ ಸತ್ತಿತ್ತೋ ನಮ್ಮ ಬಿಸಿಲಿಗೆ ಸತ್ತಿತೋ, ವಾದ ಮಾಡಿ ಪ್ರಯೋಜನವಿಲ್ಲ.

ಮತ್ತೆ ತೀನ್ ಕಂದೀಲ್, ಹೊಸ ಸೆಲ್. ಪೈ 4ರಲ್ಲಿ ಕರೆಂಟ್ ಹೋದರೂ ಓಡುವ ಗಡಿಯಾರ ಇಲ್ಲ, ಅದಕ್ಕೆ ಡಿಎಸ್3231 ಮಾಡ್ಯೂಲ್ ಹಾಕಿದೆ. ದಿನಕ್ಕೆ ಹೆಚ್ಚೆಂದರೆ 0.17 ಸೆಕೆಂಡು ತಪ್ಪುತ್ತದೆ ಅಂತ ಅದರ ಭರವಸೆ. ಆ ಭರವಸೆ 40 ಡಿಗ್ರಿಯವರೆಗೆ ಮಾತ್ರ, ಮುಂದೆ ಸಡಿಲ. ಅದನ್ನು ಓದುವಾಗ ಹೊರಗೆ 42 ಇತ್ತು. ಜೊತೆಗೆ ಒಂದು ಸಣ್ಣ ಯುಪಿಎಸ್, ಕರೆಂಟ್ ಹೊಡೆತಕ್ಕೆ ಹೋದ ಮೆಮೊರಿ ಕಾರ್ಡಿನ ಬದಲಿಗೆ ಇನ್ನೊಂದು. ಬೆಕ್ಕಿಗಿಂತ ಗಂಟೆಯ ಬೆಲೆಯೇ ಹೆಚ್ಚಾಯಿತು. ಮೂರು ಸೆಕೆಂಡಿನ ಸುಳ್ಳು ಮಾತ್ರ ಅಲ್ಲಿಗೆ ನಿಂತಿತು.

ಎರಡನೆಯ ಬೇಸಿಗೆ ಬೇರೆಯೇ ಆಟ ತೋರಿಸಿತು. ಪೈ ಪಡಸಾಲೆಯ ಶೆಲ್ಫಿನಲ್ಲಿತ್ತು, ಎದುರಿಗೆ ಕೂಲರ್. ಪೈಯೊಳಗೆ ಸಮಯ ಎಣಿಸುವ ಕ್ವಾರ್ಟ್ಜ್ ಹರಳಿನ ಓಟ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾದರೂ ಸಾಕು, ಸರಿಪಡಿಸದೆ ಬಿಟ್ಟರೆ ದಿನಕ್ಕೆ 86 ಮಿಲಿಸೆಕೆಂಡು. ಗ್ರಾಫ್ ನೋಡಿದರೆ ಮನೆಯ ದಿನಚರಿಯೇ ಕಾಣುತ್ತಿತ್ತು. ಮಧ್ಯಾಹ್ನ ಕೂಲರ್ ಹಚ್ಚಿದ್ದು, ನಾಲ್ಕಕ್ಕೆ ಅದರಲ್ಲಿ ನೀರು ಮುಗಿದದ್ದು, ರಾತ್ರಿ ಎಲ್ಲರೂ ಮಲಗಲು ಮಾಳಿಗೆಗೆ ಹೋದದ್ದು. ಕೂಲರ್ ಹಚ್ಚಿದಾಗಲೆಲ್ಲ ತಪ್ಪು ಐದಾರು ಮೈಕ್ರೋಸೆಕೆಂಡಿಗೆ ಜಿಗಿಯುತ್ತಿತ್ತು. ಮಿಲ್ಲಿನಲ್ಲಿ ಕೂತು "ಮೂರಕ್ಕೇ ಕೂಲರ್ ಆಫ್ ಮಾಡಿದ್ಯಾ?" ಅಂತ ಹೆಂಡತಿಗೆ ಫೋನ್ ಮಾಡಿ ಬೈಸಿಕೊಂಡೆ.

ಇದಕ್ಕೆ ಮದ್ದು ಮನೆಯಲ್ಲೇ ಇತ್ತು. ನಮ್ಮದು ಹಳೆಯ ಕಲ್ಲಿನ ಮನೆ, ಎರಡಡಿ ದಪ್ಪ ಗೋಡೆ. ಅಡುಗೆಮನೆ ಹಿಂದಿನ ಕತ್ತಲೆ ಕೋಣೆಯ ಗೂಡಿನಲ್ಲಿ ಅವ್ವನ ಉಪ್ಪಿನಕಾಯಿ ಭರಣಿ ಇರುತ್ತಿತ್ತು. ಆ ಜಾಗ ಕೇಳಿದೆ. "ಭರಣಿ ಅಲ್ಲೇ ಯಾಕ ಇಟ್ಟೀನಿ ಗೊತ್ತದೇನು? ಅಲ್ಲಿಗೆ ಬ್ಯಾಸಿಗಿ ಹೋಗಂಗಿಲ್ಲ" ಅಂದಳು. ನನಗೂ ಅದಕ್ಕೇ ಬೇಕಾಗಿತ್ತು. ಎರಡು ದಿನ ಚೌಕಾಸಿ ಆದ ಮೇಲೆ ಭರಣಿ ಕೆಳಗಿಳಿಯಿತು, ಪೈ ಮೇಲೇರಿತು. ಬೆಳಕಿಂಡಿ ಆ ಕೋಣೆಯಲ್ಲೇ ಇದ್ದದ್ದರಿಂದ ವೈರ್ ಕೂಡ ಉಳಿಯಿತು. ಅವತ್ತು ಸಂಜೆಯಿಂದ ಗ್ರಾಫಿನ ಗೆರೆ ಕೆರೆ ನೀರಿನ ಹಾಗೆ ನಿಂತಿದೆ. ಹೊರಗೆ 43 ಡಿಗ್ರಿ ಇದ್ದ ದಿನವೂ ತಪ್ಪು ಎರಡು ಮೈಕ್ರೋಸೆಕೆಂಡು ದಾಟಲಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಪಿಪಿಎಸ್ ಪಿನ್ ಹೊರಗೆ ಬಂದಿರುವ ಮಾಡ್ಯೂಲನ್ನೇ ತಗೊಳ್ಳಿ, ಬಂದ ದಿನವೇ ಒಂದು ಗಂಟೆ ಕರೆಂಟ್ ತೆಗೆದಿಟ್ಟು ಸೆಲ್ ಪರೀಕ್ಷಿಸಿ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಟೈಮಿಂಗಿಗೆಂದೇ ಮಾಡಿದ ಮಾದರಿ ಒಳ್ಳೆಯದು. ಅದು ತಾನಿರುವ ಜಾಗ ಒಮ್ಮೆ ಅಳೆದುಕೊಂಡರೆ, ಆಮೇಲೆ ಒಂದೇ ಉಪಗ್ರಹ ಕಂಡರೂ ಟೈಮ್ ಕೊಡುತ್ತದೆ. ನನ್ನ ಆಸೆ ಬೇರೆ: ನಮ್ಮ ದೇಶದ್ದೇ ಜಿಪಿಎಸ್ ಅನ್ನಬಹುದಾದ ನಾವಿಕ್‌ಗಾಗಿ 2023ರ ಮೇ 29ರಂದು ಹಾರಿದ ಇಸ್ರೋದ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರವಿದೆ. ನನ್ನ 6ಎಂಗೆ ನಾವಿಕ್ ಕೇಳಿಸುವುದಿಲ್ಲ. ಕೇಳಿಸುವ ಮಾಡ್ಯೂಲಿಗೆ ತಿಂಗಳಿಗೆ ಇನ್ನೂರು ಎತ್ತಿಡುತ್ತಿದ್ದೇನೆ.

ಅಷ್ಟರೊಳಗೆ ಪೆಟ್ಟಿಗೆಗೆ ಬೇರೆ ಜಾಗ ಹುಡುಕಬೇಕು. ಈ ಬೇಸಿಗೆಗೆ ಹೊಸ ಮಾವಿನಕಾಯಿ ಬಂದ ದಿನವೇ ಗೂಡು ಬಿಟ್ಟುಕೊಡಬೇಕು ಅಂತ ಅವ್ವ ಈಗಲೇ ಮಾತು ತಗೊಂಡಿದ್ದಾಳೆ.