ಸಿಂಗಾಪುರದ ಕೆಂಪು ಪಾಸ್‌ಪೋರ್ಟ್: ನಂಬರ್ ಒನ್ ಹೌದು, ಆದರೆ ಯಾವುದಕ್ಕೆ?

ನಮ್ಮ ಮನೆಯ ಬೀರುವಿನಲ್ಲಿ ಎರಡು ಬಣ್ಣದ ಪಾಸ್‌ಪೋರ್ಟ್‌ಗಳಿವೆ. ಯಜಮಾನರದ್ದು ಸಿಂಗಾಪುರದ ಕೆಂಪು, ನನ್ನದು ಭಾರತದ ಕಡುನೀಲಿ. ಅವರು ಇಲ್ಲಿನ ಪ್ರಜೆಯಾದರು, ನಾನು ಪಿಆರ್ (ಪೌರತ್ವವಿಲ್ಲದ ಕಾಯಂ ವಾಸಿ) ಆಗಿಯೇ ಉಳಿದೆ. ಮಿಕ್ಸಿ, ಫ್ರಿಜ್ ಕೊಳ್ಳುವಾಗ ಹತ್ತು ರಿವ್ಯೂ ಓದುವ ನಾವು ಪಾಸ್‌ಪೋರ್ಟ್ ವಿಷಯಕ್ಕೆ ಬಂದರೆ ಯಾರೋ ಫಾರ್ವರ್ಡ್ ಮಾಡಿದ ಪಟ್ಟಿಯನ್ನೇ ನಂಬಿಬಿಡುತ್ತೇವೆ. ಎರಡನ್ನೂ ಹತ್ತಿರದಿಂದ ನೋಡಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಪಟ್ಟಿಯ ಕಥೆ. ಹೆನ್ಲಿ ಪಾಸ್‌ಪೋರ್ಟ್ ಇಂಡೆಕ್ಸ್‌ನ 2025ರ ಜುಲೈ ಲೆಕ್ಕದಲ್ಲಿ ಸಿಂಗಾಪುರವೇ ಮೊದಲು: 227 ಜಾಗಗಳಲ್ಲಿ 193ಕ್ಕೆ ಮುಂಚಿತವಾಗಿ ವೀಸಾ ಬೇಡ. ಜಪಾನ್, ದಕ್ಷಿಣ ಕೊರಿಯಾ 190. ಭಾರತ 59, ಅಂದರೆ 77ನೇ ಸ್ಥಾನ. ಇಳಿದ ಮೇಲೆ ಏರ್‌ಪೋರ್ಟಿನಲ್ಲೇ ಕೊಡುವ ವೀಸಾ, ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣದ ಅನುಮತಿ ಎಲ್ಲವೂ ಇದರಲ್ಲಿ ಸೇರಿದೆ. ಚೀನಾಕ್ಕೂ ಒಂದೇ ಅಂಕ, ಪೆಸಿಫಿಕ್‌ನ ಯಾವುದೋ ಪುಟ್ಟ ದ್ವೀಪಕ್ಕೂ ಒಂದೇ ಅಂಕ. ಎಷ್ಟು ದಿನ ಇರಲು ಬಿಡುತ್ತಾರೆ ಅನ್ನುವುದಕ್ಕೆ ಅಂಕವೇ ಇಲ್ಲ. ಇದನ್ನು ಮಾಡುವ ಹೆನ್ಲಿ ಅಂಡ್ ಪಾರ್ಟ್‌ನರ್ಸ್, ದುಡ್ಡಿದ್ದವರಿಗೆ ಬೇರೆ ದೇಶದ ವಾಸ ಮತ್ತು ಪೌರತ್ವದ ಸಲಹೆ ಮಾರುವ ಸಂಸ್ಥೆ ಅನ್ನುವುದೂ ಗೊತ್ತಿರಲಿ. ಆರ್ಟನ್ ಕ್ಯಾಪಿಟಲ್ ಅವರ ಇನ್ನೊಂದು ಪಟ್ಟಿಯಲ್ಲಿ ಕೆಲವು ವರ್ಷಗಳಿಂದ ಯುಎಇ ಮುಂದಿದೆ.

ಯುರೋಪ್ ಪ್ರವಾಸ ಅಂತ ಬಂದರೆ ಸಾಕು, ನಮ್ಮನೆ ಊಟದ ಮೇಜು ಎರಡು ಭಾಗವಾಗುತ್ತದೆ. ನನ್ನ ಕಡೆ ಒಂದು ದಪ್ಪ ಫೈಲು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನಿಂದ ರಜಾ ಪತ್ರ, ಹೋಟೆಲ್ ಬುಕಿಂಗ್, ಹೋಗಿಬರುವ ಟಿಕೆಟ್, 30,000 ಯುರೋ ಮೊತ್ತದ ಪ್ರಯಾಣ ವಿಮೆ, 35ಕ್ಕೆ 45 ಮಿಲಿಮೀಟರಿನ ಫೋಟೋ. ಮೇಲೆ 90 ಯುರೋ ಶುಲ್ಕ (2024ರ ಜೂನ್‌ಗೆ ಮುಂಚೆ 80 ಇತ್ತು), ಅರ್ಜಿ ತೆಗೆದುಕೊಳ್ಳುವ ಸೆಂಟರಿನವರ ಸರ್ವಿಸ್ ಚಾರ್ಜ್ ಬೇರೆ. ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟು ಬರಬೇಕು. ಹದಿನೈದು ದಿನ ಅನ್ನುತ್ತಾರೆ, ನಿಯಮದ ಪ್ರಕಾರ ನಲವತ್ತೈದರವರೆಗೂ ಎಳೆಯಬಹುದು. ಅಷ್ಟು ದಿನ ಊರಲ್ಲಿ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಕೈಯಲ್ಲಿ ಪಾಸ್‌ಪೋರ್ಟೇ ಇಲ್ಲವಲ್ಲ ಅನ್ನುವ ದಿಗಿಲು ಯಾವ ಪಟ್ಟಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಯಜಮಾನರ ಕಡೆ ಏನಿರುತ್ತದೆ? ಒಂದು ಲೋಟ ಕಾಫಿ. 180 ದಿನದಲ್ಲಿ 90 ದಿನ ಅವರು ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ವೀಸಾ ಇಲ್ಲದೆ ಇರಬಹುದು. ಗುರುವಾರ ರಾತ್ರಿ ಆಫೀಸಿನಿಂದ ಬಂದು, "ಶನಿವಾರ ಪ್ಯಾರಿಸ್‌ಗೆ ಹೋಗ್ಬೇಕು ಕಣೇ, ಮೀಟಿಂಗು" ಅಂದಿದ್ದಾರೆ, ಹೋಗಿಯೂ ಬಂದಿದ್ದಾರೆ. ಬ್ರಿಟನ್ನಿಗಾದರೆ ಫೋನಿನಲ್ಲೇ 16 ಪೌಂಡ್ ಕಟ್ಟಿ ಇಟಿಎ ಅನ್ನುವ ಆನ್‌ಲೈನ್ ಅನುಮತಿ ತೆಗೆದುಕೊಂಡರು, ಎರಡು ವರ್ಷ ನಡೆಯುತ್ತದೆ. ಲಂಡನ್ನಿನ ಹೀಥ್ರೂ ಏರ್‌ಪೋರ್ಟಿನಲ್ಲಿ 2019ರಿಂದ ಸಿಂಗಾಪುರದವರಿಗೆ ಇ-ಗೇಟ್ (ಪಾಸ್‌ಪೋರ್ಟನ್ನು ಯಂತ್ರಕ್ಕೆ ತೋರಿಸಿ ದಾಟುವ ಬಾಗಿಲು) ತೆರೆದಿದೆ. ಅವರು ಆಚೆ ನಿಂತು ಫೋನ್ ನೋಡುತ್ತಿರುತ್ತಾರೆ, ನಾನು ಈಚೆ ಹಾವಿನಂಥ ಸಾಲಿನಲ್ಲಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ವೀಸಾ ಬೇಡದವರ ಬೆರಳಚ್ಚೂ ತೆಗೆದುಕೊಳ್ಳುವ ಪದ್ಧತಿ ಶುರುವಾಗಿದೆ. ಆ ಸುದ್ದಿ ಓದಿ ಅವರು ಗೊಣಗಿದಾಗ ನನಗೆ ಒಳಗೊಳಗೇ ಖುಷಿಯಾಗಿದ್ದು ಸುಳ್ಳಲ್ಲ.

ಆದರೆ ನಮ್ಮ ದಿನನಿತ್ಯದ ಓಡಾಟಕ್ಕೆ ಈಗ ಅಂಥ ವ್ಯತ್ಯಾಸವಿಲ್ಲ. ಶನಿವಾರ ಗಡಿಯ ವುಡ್‌ಲ್ಯಾಂಡ್ಸ್ ದಾಟಿ ಮಲೇಷ್ಯಾದ ಜೊಹೊರ್ ಬಹ್ರುವಿಗೆ ಸಾಮಾನು ತರಲು ಹೋಗುವುದು ಇಲ್ಲಿ ಮಾಮೂಲಿ. 2023ರ ಡಿಸೆಂಬರ್‌ನಿಂದ ಮಲೇಷ್ಯಾ ಭಾರತೀಯರಿಗೂ ವೀಸಾ ಬಿಟ್ಟುಕೊಟ್ಟಿದೆ. ಮಾರಿಷಸ್ ಮುಂಚಿನಿಂದಲೂ ಇದೆ, ಬಾಲಿಯಲ್ಲಿ ಇಳಿದ ಮೇಲೆ 5 ಲಕ್ಷ ರುಪಾಯ ಕಟ್ಟಿದರಾಯಿತು (ಇಂಡೋನೇಷ್ಯಾದ ರುಪಾಯ, ಗಾಬರಿ ಬೇಡ). ರಜೆಗೆ ಆಗ್ನೇಯ ಏಷ್ಯಾ ಸಾಕು ಅನ್ನುವವರಿಗೆ ನೀಲಿ ಪುಸ್ತಕವೇ ಧಾರಾಳ.

ಈಗ ಅಮೆರಿಕದ ವಿಷಯ. ಇಲ್ಲಿ ಪಟ್ಟಿ ಪೂರ್ತಿ ದಾರಿ ತಪ್ಪಿಸುತ್ತದೆ. ಸಿಂಗಾಪುರದವರಿಗೆ ವೀಸಾ ಬೇಡ, ಎಸ್ಟಾ ಅನ್ನುವ ಆನ್‌ಲೈನ್ ಅನುಮತಿ ಸಾಕು. 21 ಡಾಲರ್ ಇದ್ದದ್ದು 2025ರ ಸೆಪ್ಟೆಂಬರ್ ಕೊನೆಗೆ 40 ಆಯಿತು, ಆಗಲಿ. ಆದರೆ ಎಸ್ಟಾದಲ್ಲಿ ಹೋದವರು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ವಿಸ್ತರಣೆಯೂ ಇಲ್ಲ. ಭಾರತದ ಪಾಸ್‌ಪೋರ್ಟಿನವರು ಕಾನ್ಸುಲೇಟಿನ ಅಪಾಯಿಂಟ್‌ಮೆಂಟಿಗೆ ಕಾದು, ಇಂಟರ್‌ವ್ಯೂ ಮುಗಿಸಿ ಬಿ-1/ಬಿ-2 ಅನ್ನುವ ಭೇಟಿಯ ವೀಸಾ ಹಾಕಿಸಿಕೊಂಡರೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ, ಹೋದಾಗೆಲ್ಲ ಆರು ತಿಂಗಳು ಇರಲು ಬಿಡುವುದು ರೂಢಿ. ನನ್ನ ಓರಗಿತ್ತಿಯ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹಾಸನದಿಂದ ನೀಲಿ ಪಾಸ್‌ಪೋರ್ಟಿನಲ್ಲಿ ಹೋದ ನನ್ನ ಓರಗಿತ್ತಿ ಐದು ತಿಂಗಳು ಇದ್ದು, ಮಗುವಿಗೆ ಎಣ್ಣೆನೀರು ಹಾಕಿ ಬಂದರು. ಕೆಂಪು ಪಾಸ್‌ಪೋರ್ಟಿನ ಅಜ್ಜಿಯಾದರೆ ಎಸ್ಟಾ ನಂಬಿಕೊಂಡು ಹೋಗಿ ಮೂರು ತಿಂಗಳಿಗೆ ಗಂಟುಮೂಟೆ ಕಟ್ಟಬೇಕಿತ್ತು, ಇಲ್ಲವೇ ಅವರೂ ವೀಸಾ ಸಾಲಿನಲ್ಲಿ ನಿಲ್ಲಬೇಕಿತ್ತು.

ಇನ್ನು ಬೆಲೆ. ಪುಸ್ತಕದ ಬೆಲೆ ಬರೀ 70 ಸಿಂಗಾಪುರ ಡಾಲರ್, ಹತ್ತು ವರ್ಷ ಬಾಳಿಕೆ. ಅರ್ಜಿ ಆನ್‌ಲೈನ್‌ನಲ್ಲಿ, ತೆಗೆದುಕೊಳ್ಳುವುದು ಪೋಸ್ಟಾಫೀಸಿನಲ್ಲೂ ಆಗುತ್ತದೆ. ಸೇವೆಗೆ ಪೂರ್ತಿ ಅಂಕ. ನಿಜವಾದ ಬೆಲೆ ಬೇರೆ ಕಡೆ ಇದೆ. ಸಿಂಗಾಪುರ ಎರಡು ಪೌರತ್ವ ಒಪ್ಪುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯೂ ಒಪ್ಪುವುದಿಲ್ಲ. ಹೊಸದು ಬಂದ ದಿನವೇ ಹಳೆಯದು ಹೋಯಿತು. ನೀಲಿ ಪುಸ್ತಕವನ್ನು ಭಾರತದ ಹೈಕಮಿಷನ್‌ಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಆಮೇಲೆ ಒಸಿಐ ಕಾರ್ಡಿಗೆ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗಲು ಕೊಡುವ ಕಾರ್ಡು) ಅರ್ಜಿ. ಗಂಡುಮಕ್ಕಳಿದ್ದರೆ ಎರಡು ವರ್ಷ ನ್ಯಾಷನಲ್ ಸರ್ವಿಸ್, ಅಂದರೆ ಸೇನೆಯಂಥ ಕಡೆ ಕಡ್ಡಾಯ ಸೇವೆ. ನಮ್ಮಂಥ ಪಿಆರ್ ಮನೆಗಳಲ್ಲಿ ಬೆಳೆದ ಹುಡುಗರಿಗೂ ಅದು ತಪ್ಪುವುದಿಲ್ಲ, ಹಾಗಾಗಿ ಅದನ್ನು ಪಾಸ್‌ಪೋರ್ಟಿನ ಲೆಕ್ಕಕ್ಕೆ ಪೂರ್ತಿ ಹಚ್ಚುವುದು ನ್ಯಾಯವಲ್ಲ.

ನಮ್ಮಲ್ಲಿ ಜಾಸ್ತಿ ಮಾತಿಗೆ ಬಂದದ್ದು ತೋಟ. ಮಾವನವರದ್ದು ಸಕಲೇಶಪುರದ ಕಡೆ ಕಾಫಿ ತೋಟ. ಒಸಿಐ ಇದ್ದವರು ಭಾರತದಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸುದಾರಿಕೆಯಲ್ಲಿ ಬಂದರೆ ಅಡ್ಡಿಯಿಲ್ಲ. ಯಜಮಾನರು ಇದನ್ನು ವಿವರಿಸಿದಾಗ ಮಾವ ಕೇಳಿದ್ದು ಒಂದೇ: "ಹಂಗಾದ್ರೆ ಪಕ್ಕದ ತೋಟ ಮಾರಾಟಕ್ಕೆ ಬಂದ್ರೆ ನೀನು ತಗೊಳ್ಳಂಗಿಲ್ಲ?" ಇಲ್ಲ, ತಗೊಳ್ಳುವ ಹಾಗಿಲ್ಲ. ಓಟೂ ಇಲ್ಲ. ನಾನು ನೀಲಿಯಲ್ಲೇ ಉಳಿದದ್ದಕ್ಕೆ ಈ ಓಟೂ ಒಂದು ಕಾರಣ. ಮನೆಯಲ್ಲಿ ಒಬ್ಬರಾದರೂ ಆ ಕಡೆ ಇರಲಿ ಅಂತ.

ಹಾಗಂತ ನೀಲಿಯನ್ನು ಹೊಗಳಲು ಕೂತಿಲ್ಲ. ಕೊನೆಯ ಪುಟದಲ್ಲಿ ಅಪ್ಪ, ಅಮ್ಮ, ಗಂಡನ ಹೆಸರು, ಊರಿನ ವಿಳಾಸ ಎಲ್ಲ ಅಚ್ಚಾಗಿರುತ್ತದೆ. ಜಗತ್ತಿಗೆ ನನ್ನ ಗಂಡನ ಹೆಸರು ಯಾಕೆ ಬೇಕೋ! ಯಜಮಾನರ ಕೆಂಪು ಪುಸ್ತಕದಲ್ಲಿ ನನ್ನ ಸುದ್ದಿಯೇ ಇಲ್ಲ. ನಮ್ಮ ಇನಿಷಿಯಲ್ ಪದ್ಧತಿಯ ಗೋಳು ಬೇರೆ. ಸರ್‌ನೇಮ್ ಕಾಲಂ ಖಾಲಿ ಬಿಟ್ಟವರಿಗೆ 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ತಕರಾರು ತೆಗೆದದ್ದು ಅನೇಕರಿಗೆ ನೆನಪಿರಬಹುದು.

ನನ್ನ ಅಂಕ ಹೀಗೆ. ಕೆಲಸಕ್ಕಾಗಿ ತಿಂಗಳು ತಿಂಗಳು ವಿಮಾನ ಹತ್ತುವವರಿಗೆ ಸಿಂಗಾಪುರದ್ದು ಐದಕ್ಕೆ ಐದು, ಎರಡನೇ ಮಾತಿಲ್ಲ. ವರ್ಷಕ್ಕೊಂದು ಪ್ರವಾಸ, ಉಳಿದ ರಜೆಯೆಲ್ಲ ಊರಿಗೆ ಅನ್ನುವವರಿಗೆ ಮೂರೂವರೆ. ಯಾಕೆಂದರೆ ಈ ನಂಬರ್ ಒನ್ ಪಾಸ್‌ಪೋರ್ಟಿನವರು ಮುಂಚಿತವಾಗಿ ವೀಸಾ ಮಾಡಿಸಿಕೊಳ್ಳದೆ ಹೋಗಲಾಗದ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಜಪಾನಿನವರಿಗೆ ನಮ್ಮ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇಳಿದ ಮೇಲೆ ವೀಸಾ ಕೊಡುವ ವ್ಯವಸ್ಥೆ ಇದೆ, ಸಿಂಗಾಪುರದವರಿಗೆ ಅದಿಲ್ಲ.

ಆದ್ದರಿಂದ ತೆಗೆದುಕೊಳ್ಳಲು ನಿರ್ಧರಿಸಿದವರಿಗೆ ಒಂದು ಕಿವಿಮಾತು: ನೀಲಿ ಪುಸ್ತಕ ಒಪ್ಪಿಸಿ ಒಸಿಐ ಕೈಗೆ ಬರುವವರೆಗಿನ ಸಮಯದಲ್ಲಿ ಊರಿನ ಮದುವೆ, ಗೃಹಪ್ರವೇಶಗಳಿಗೆ ಟಿಕೆಟ್ ಮಾಡಿಸಬೇಡಿ. ಹೋಗಲೇಬೇಕಾದರೆ ಇ-ವೀಸಾಗೆ ಮೊದಲೇ ಅರ್ಜಿ ಹಾಕಿ. ಬೆಂಗಳೂರು, ಮಂಗಳೂರು ಎರಡೂ ಕಡೆ ಅದು ನಡೆಯುತ್ತದೆ. ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ, ಸಿಂಗಾಪುರದ ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ.