ಪ್ಯಾಂಡಾಕ್ ಸೆಟ್ಟಿಂಗ್: ಲೇಖನದ ತಲೆಯಲ್ಲೋ, ಬೇರೆ ಫೈಲಿನಲ್ಲೋ?

ಕಾಸರಗೋಡಿನ ನಮ್ಮ ವಾಚನಾಲಯದ ವಾರ್ಷಿಕ ಸಂಚಿಕೆಗೆ ಕನ್ನಡ, ಮಲಯಾಳ ಎರಡರಲ್ಲೂ ಲೇಖನಗಳು ಬರುತ್ತವೆ. ಬರಹವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ತಂತ್ರಾಂಶವಾದ ಪ್ಯಾಂಡಾಕ್‌ನಲ್ಲಿ ಪಿಡಿಎಫ್ ಮಾಡುವವರು ಸೆಟ್ಟಿಂಗ್ ಎಲ್ಲಿ ಬರೆದಿಡಬೇಕು?

ಲೇಖನದ ತಲೆಯಲ್ಲೇ ಯಾಮಲ್ (ಸಾಲುಸಾಲಾಗಿ ಸೆಟ್ಟಿಂಗ್ ಬರೆಯುವ ಸರಳ ರೀತಿ) ಬರೆದರೆ ಶೀರ್ಷಿಕೆ, ಫಾಂಟ್ ಎಲ್ಲ ಜೊತೆಗೇ ಇರುತ್ತವೆ. ಒಂದೆರಡು ಬರಹಕ್ಕೆ ಇಷ್ಟು ಸಾಕು. ಆದರೆ ಪುಟ ಜೋಡಿಸಿಕೊಡುವ ಪಿಡಿಎಫ್ ಎಂಜಿನ್ ಯಾವುದೆಂದು ಅಲ್ಲಿ ಹೇಳಲಾಗದು. ತಾನಾಗಿ ಓಡುವ ಪಿಡಿಎಫ್‌ಲಾಟೆಕ್‌ಗೆ ಕನ್ನಡ ಅಕ್ಷರ ಒಗ್ಗದು. ಅದರ ಬದಲು ಝೀಲಾಟೆಕ್ ಎಂಬ ಎಂಜಿನ್ ಬೇಕೆಂದು ಪ್ರತಿಸಲ ಕಮಾಂಡಿನಲ್ಲಿ ಟೈಪಿಸಬೇಕು.

2019ರಲ್ಲಿ, 2.8ನೇ ಆವೃತ್ತಿಯೊಂದಿಗೆ ಬಂದ ಡಿಫಾಲ್ಟ್ಸ್ ಫೈಲಿನಲ್ಲಿ (ಸೆಟ್ಟಿಂಗ್ ಬರೆದಿಡುವ ಬೇರೆ ಫೈಲು) ಎಂಜಿನ್, ಟೆಂಪ್ಲೇಟ್ (ಪುಟದ ಅಚ್ಚು), ಫಿಲ್ಟರ್ (ನಡುವೆ ಬರಹವನ್ನು ಮಾರ್ಪಡಿಸುವ ಪುಟ್ಟ ಪ್ರೋಗ್ರಾಂ) ಎಲ್ಲಕ್ಕೂ ಜಾಗವಿದೆ. ಕನ್ನಡಕ್ಕೊಂದು, ಮಲಯಾಳಕ್ಕೊಂದು ಮಾಡಿಟ್ಟರಾಯಿತು. ಹತ್ತಾರು ಲೇಖನವಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಒಂದೇ ಎಚ್ಚರ: ಇಲ್ಲಿ ಕೊಟ್ಟ ಮೆಟಾಡೇಟಾ (ಶೀರ್ಷಿಕೆಯಂಥ ವಿವರ) ಲೇಖನದ ತಲೆಯಲ್ಲಿರುವುದನ್ನು ಅಳಿಸಿ ಕೂರುತ್ತದೆ. ಹಾಗಾಗಿ ಶೀರ್ಷಿಕೆ, ಲೇಖಕರ ಹೆಸರು ಲೇಖನದಲ್ಲೇ ಇರಲಿ.